ಉಸಿರಾಡುವ ಬಟ್ಟೆ

ಅಳತೆಪಟ್ಟಿಯ ತುದಿ ಹಿಡಿದುಕೊಳ್ಳಿ ಎಂದು ಶಿರಾಜ್ ಎರಡನೇ ಸಲ ಹೇಳಿದ ಮೇಲೆಯೇ ರಾಪುಲ ಸೆಬೇಗೊಗೆ ತನ್ನ ಕೈ ಖಾಲಿ ಇದೆಯೆಂದು ಗೊತ್ತಾದದ್ದು. ಹಿಡಿದುಕೊಂಡ. ಕಣ್ಣು ಮಾತ್ರ ಏಳನೇ ಶೆಡ್ಡಿನ ಬಾಗಿಲ ಮೇಲೆಯೇ ಇತ್ತು. ಬೀಗ ಇನ್ನೂ ತೆಗೆದಿರಲಿಲ್ಲ.

“ಬಿಗಿಯಾಗಿ ಹಿಡೀರಿ ಡಾಕ್ಟ್ರೇ. ಅಳತೆ ತಪ್ಪಿದ ಹೊದಿಕೆ ಅಂದ್ರೆ ಅಣ್ಣನ ಕೋಟು ಹಾಕ್ಕೊಂಡು ತಮ್ಮ ಮದುವೆಗೆ ಹೋದ ಹಾಗೆ.”

ರಾಪುಲ ನಗಲಿಲ್ಲ. ಬೆಳಿಗ್ಗೆಯಿಂದ ಈ ಮನುಷ್ಯ ಇಂಥ ಮಾತುಗಳನ್ನು ಎಸೆಯುತ್ತಲೇ ಇದ್ದ. ಶಿರಾಜ್ ಮಾಯಟ್‌ನದು ಪಟ್ಟಣದಲ್ಲಿ ಕ್ಯಾನ್ವಾಸ್ ಅಂಗಡಿ. ಪಿಕಪ್ ಗಾಡಿಗಳಿಗೆ, ದೋಣಿಗಳಿಗೆ, ಮದುವೆ ಚಪ್ಪರಗಳಿಗೆ ಬಟ್ಟೆ ಹೊಲಿಯುವವನು. ಈಚೆಗೆ ಸಣ್ಣ ವಿಮಾನಗಳಿಗೂ. ಮುಚ್ಚಬೇಕಾದದ್ದು ಏನೇ ಇರಲಿ, ಅವನಿಗೆ ಸಂತೋಷ.

“ವಿಮಾನದ ಬೆನ್ನಿನ ಮೇಲೆ ಇದೇನು ಕಡ್ಡಿ, ರೇಡಿಯೋದ್ದಾ? ಇದಕ್ಕೊಂದು ತೂತು ಬಿಡಬೇಕು. ನೋಡದೆ ಹೊಲಿದಿದ್ರೆ ನಾಳೆ ಎಳೆಯೋವಾಗ ಲಟಕ್ ಅಂತಿತ್ತು.”

ರಾಪುಲನದು ಇಬ್ಬರು ಕೂರುವ ಪುಟ್ಟ ವಿಮಾನ. ತಗಡಿನ ಮೈ, ಮೇಲೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಗುಮ್ಮಟ. ನಾಲ್ಕು ವರ್ಷದಿಂದ ರೀಟ್‌ಪನ್ ವಿಮಾನ ಮೈದಾನದ ಅಂಚಿನಲ್ಲಿ, ನೆಲಕ್ಕೆ ಹೊಡೆದ ಗೂಟಗಳಿಗೆ ಹಗ್ಗದಿಂದ ಕಟ್ಟಿಸಿಕೊಂಡು, ಬಯಲಲ್ಲಿ ನಿಂತಿದೆ. ಅದರೆದುರಿಗೇ ಶೆಡ್ಡುಗಳ ಸಾಲು. ಅವುಗಳೊಳಗೆ ಬೇರೆಯವರ ವಿಮಾನಗಳು ನೆರಳಿನಲ್ಲಿ ಮಲಗಿವೆ. ಕಳೆದ ನವೆಂಬರಿನ ಆಲಿಕಲ್ಲು ಮಳೆಗೆ ಇದರ ರೆಕ್ಕೆಗಳ ಮೇಲೆ ಯಾರೋ ಹೆಬ್ಬೆರಳು ಒತ್ತುತ್ತ ಹೋದ ಹಾಗೆ ಗುಳಿ ಬಿದ್ದಿತ್ತು. ಬಿಸಿಲಿಗೆ ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಮೂಡಿತ್ತು. ಗಾಳಿಯ ವೇಗ ಅಳೆಯುವ ಕೊಳವೆಯೊಳಗೆ ಕಣಜ ಎರಡು ಸಲ ಮಣ್ಣಿನ ಗೂಡು ಕಟ್ಟಿತ್ತು.

ಶೆಡ್ಡುಗಳವರು ಹಾಯ್ದು ಹೋಗುವಾಗ ನಿಂತು, ಅಯ್ಯೋ ಡಾಕ್ಟ್ರೇ, ಪಾಪ, ಹೇಗಿದೆ ಇದು ಎಂದು ವಿಚಾರಿಸುತ್ತಿದ್ದರು. ವಾರ್ಡಿನಲ್ಲಿ ರಾಪುಲ ರೋಗಿಗಳನ್ನು ವಿಚಾರಿಸುವ ದನಿಯಲ್ಲೇ.

ಹೊದಿಕೆ ಬೇಕಾಗಿತ್ತು, ನಿಜ. ಆದರೆ ಇದೇ ಶನಿವಾರ ಬಾ ಎಂದು ಶಿರಾಜನಿಗೆ ಹೇಳಿದ್ದಕ್ಕೆ ಕಾರಣ ಹೊದಿಕೆಯಲ್ಲ.

ಏಳನೇ ಶೆಡ್ಡಿನ ಮುದುಕ ಓಮ್ ಫ್ಲೋರಿಸ್, ಎಂದರೆ ಫ್ಲೋರಿಸ್ ಮಾವ, ಹೋದ ತಿಂಗಳು ಸತ್ತ. ರೀಟ್‌ಪನ್‌ನಲ್ಲಿ ಒಂದು ರೂಢಿಯಿದೆ. ಮಣ್ಣು ಮಾಡಿ ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಎಲ್ಲರೂ ಸೇರಿ ಸತ್ತವನ ವಿಮಾನವನ್ನು ಹೊರಗೆ ತಳ್ಳುತ್ತಾರೆ. ತೊಳೆಯುತ್ತಾರೆ. ಒಂದು ಸಲ ಎಂಜಿನ್ ಓಡಿಸಿ ನಿಲ್ಲಿಸುತ್ತಾರೆ. ಆ ವಿಮಾನ ಮತ್ತೆ ಒಳಗೆ ಹೋಗುವುದಿಲ್ಲ, ಮಾರಾಟಕ್ಕೆ ಹೋಗುತ್ತದೆ. ಆಮೇಲೆ ಬೆಂಕಿ, ಮಾಂಸ, ಬಿಯರ್. ಸಂಜೆಗೆ, ಶೆಡ್ಡು ಖಾಲಿ ಬಿಟ್ಟರೆ ಇಲಿ ಸೇರುತ್ತದೆ ಎಂದು ಯಾರದೋ ವಿಮಾನವನ್ನು ಒಳಗೆ ನೂಕುತ್ತಾರೆ. ಈ ಒಂದು ರಾತ್ರಿಗೆ ಅಂತ. ಆ ರಾತ್ರಿ ಮುಗಿಯುವುದಿಲ್ಲ. ಸಭೆಯಿಲ್ಲ, ನಿರ್ಣಯವಿಲ್ಲ, ಒಂದು ಚೀಟಿಯೂ ಇಲ್ಲ. ಇಲ್ಲಿ ಶೆಡ್ಡು ಕೈ ಬದಲಾಯಿಸುವುದು ಹೀಗೆ.

ಎರಡು ಸಲ ಕಣ್ಣಾರೆ ನೋಡಿದ ಮೇಲೆ ರಾಪುಲನಿಗೆ ಇದು ಅರ್ಥವಾಗಿತ್ತು. ಆ ಹೊತ್ತಿಗೆ ಕಣ್ಣಿಗೆ ಬೀಳುವ ಹಾಗೆ ಇಲ್ಲಿರಬೇಕು. ಆದರೆ ಕಾದು ನಿಂತವನ ಹಾಗೆ ಕಾಣಬಾರದು. ಅದಕ್ಕೊಂದು ನೆಪ ಬೇಕಿತ್ತು. ನೆಪ ಈಗ ಅವನ ವಿಮಾನದ ಬಾಲದ ಬಳಿ ಮೊಣಕಾಲೂರಿ ಸಿಳ್ಳೆ ಹಾಕುತ್ತಿತ್ತು.

ಹಸಿದವನ ಹಾಗೆ ಕಾಣಬೇಡ ಎಂದು ಅಜ್ಜಿ ಕಲಿಸಿದ್ದಳು. ಮೊದಲ ಸಲ ಕೊಟ್ಟರೆ ಬೇಡ ಅನ್ನು. ಎರಡನೇ ಸಲಕ್ಕೆ ನೆಲ ನೋಡು. ಮೂರನೇ ಸಲಕ್ಕೆ ಎರಡೂ ಕೈ ಚಾಚು. ಅವಳ ಅಂಗಳದಲ್ಲಿ ಇದು ನಡೆಯುತ್ತಿತ್ತು. ಏಕೆಂದರೆ ಕೊಡುವವರೂ ಮೂರು ಸಲ ಕೇಳುವ ಮನೆಗಳಲ್ಲೇ ಬೆಳೆದಿದ್ದರು.

ನಾಲ್ಕು ವರ್ಷದ ಹಿಂದೆ, ಅವನು ವಿಮಾನ ತಂದ ಮೊದಲ ವಾರ, ಮೈದಾನದ ಹಿರಿಯ ಬಾರೆಂಡ್ ಲಟರ್ ಬೆಂಕಿಯ ಪಕ್ಕದಲ್ಲಿ ಹೇಳಿದ್ದ: ನನ್ನ ಶೆಡ್ಡಿನಲ್ಲಿ ಬೆಳೆಗೆ ಔಷಧಿ ಹೊಡೆಯುವ ಯಂತ್ರದ ಹಿಂದೆ ಜಾಗ ಇದೆ, ಬೇಕಾದರೆ ನೂಕು. ರಾಪುಲ ಹೇಳಿದ, ಬೇಡ ಬೇಡ ಓಮ್ ಬಾರೆಂಡ್, ಹೊರಗೇ ಚೆನ್ನಾಗಿದೆ. ಬಾರೆಂಡ್ ಸರಿ ಎಂದು ಪಕ್ಕದವನ ಹತ್ತಿರ ಉಪ್ಪು ಕೇಳಿದ. ಅಷ್ಟೇ. ಎರಡನೇ ಸಲ ಕೇಳಲಿಲ್ಲ. ಬಾರೆಂಡನ ಲೋಕದಲ್ಲಿ ಬೇಡ ಎಂದರೆ ಬೇಡ. ಆ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಖವಿತ್ತು ಎಂದು ರಾಪುಲ ಎಷ್ಟೋ ಸಲ ಅಂದುಕೊಂಡಿದ್ದಾನೆ. ಕೆಟ್ಟವನಲ್ಲ. ಅವನೆದುರು ಸಿಟ್ಟನ್ನು ತೂಗುಹಾಕಲು ಒಂದು ಮೊಳೆಯೂ ಸಿಗುತ್ತಿರಲಿಲ್ಲ.

“ಈಗ ಬಟ್ಟೆ ಆರಿಸಿ,” ಶಿರಾಜ್ ರೆಕ್ಕೆಯ ಮೇಲೆ ಮೂರು ತುಂಡುಗಳನ್ನು ಹರಡಿದ. “ಇದು ಪೂರಾ ನೀರು ತಡೆಯತ್ತೆ. ಆದ್ರೆ ಒಳಗಿನ ಹಸಿಯನ್ನೂ ಹೊರಗೆ ಬಿಡಲ್ಲ. ಒಂದೇ ಮಳೆಗಾಲ, ಒಳಗೊಳಗೇ ತುಕ್ಕು. ಹೊರಗಿಂದ ನೋಡಿದ್ರೆ ಮದುವಣಗಿತ್ತಿ.”

“ಇನ್ನೊಂದು?”

“ಇದು ದಪ್ಪ. ಒಳಗೆ ಸ್ಪಂಜು ಇಟ್ಟು ಹೊಲಿದಿದ್ದು. ಕೋಳಿಮೊಟ್ಟೆ ಗಾತ್ರದ ಆಲಿಕಲ್ಲು ಬಿದ್ರೂ ಅಲ್ಲಾಡಲ್ಲ. ಒಂದೇ ತೊಂದರೆ, ಒಬ್ರೇ ಹೊದಿಸೋಕಾಗಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೇಕು. ನಿಮ್ಮ ಜೊತೆ ಯಾರಿದಾರೆ?”

ರಾಪುಲ ಬಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದ. ಒಳ್ಳೆಯ ಬಟ್ಟೆ. ಅವನ ಜೊತೆ ಯಾರೂ ಇರಲಿಲ್ಲ. ಹೆಂಡತಿ ಗೊರತಾ ಮೊದಲ ವರ್ಷ ಒಂದು ಸಲ ಬಂದು, ಇಲ್ಲಿನ ಹೆಂಗಸರು ತನ್ನ ಕೂದಲನ್ನು ಹೊಗಳಿದ ರೀತಿ ಕೇಳಿ, ಮತ್ತೆ ಬಂದಿರಲಿಲ್ಲ. ನೀನು ಹೋಗು, ನಿನಗೆ ಅವರು ಬೇಕು ಎಂದಿದ್ದಳು. ಬೇಕಾದದ್ದು ಆಕಾಶ ಎಂದು ಅವನು ಹೇಳಿದ್ದ. ಆಕಾಶಕ್ಕೆ ಗೇಟಿದೆಯಲ್ಲ ಎಂದಿದ್ದಳು.

“ಮೂರನೇದು?”

“ಇದು ತೆಳು. ಉಸಿರಾಡೋ ಬಟ್ಟೆ ಅಂತೀವಿ. ಬಿಸಿಲು ತಡೆಯತ್ತೆ, ಧೂಳು ತಡೆಯತ್ತೆ, ಒಳಗಿನ ಹಸಿ ಆರಿಹೋಗತ್ತೆ. ಒಬ್ರೇ ಎಳೀಬಹುದು. ಆಲಿಕಲ್ಲಿಗೆ ಮಾತ್ರ…” ಅವನು ಅಂಗೈ ಮಗುಚಿ ತೋರಿಸಿದ. “ಯಾವುದೇ ತಗೊಳ್ಳಿ, ಹೊದಿಸೋ ಮುಂಚೆ ಗುಮ್ಮಟ ಒರೆಸಿ. ಒಳಗೆ ಒಂದು ಕಾಳು ಮರಳು ಉಳೀತು ಅಂದ್ರೆ, ಗಾಳಿಗೆ ಬಟ್ಟೆ ಅಲ್ಲಾಡಿ ಅಲ್ಲಾಡಿ ಉಜ್ಜಿ ಹಾಕತ್ತೆ. ಕಾಯೋ ಬಟ್ಟೇನೇ ಕಣ್ಣು ಕೀಳತ್ತೆ.”

ಆಮೇಲೆ ಹೇಳುತ್ತೇನೆ ಎಂದ ರಾಪುಲ. ಏಳನೇ ಶೆಡ್ಡಿನ ಕಡೆಗೆ ಜನ ನಡೆಯುತ್ತಿದ್ದರು.

“ಹೋಗಿ ಬನ್ನಿ. ನಾನು ಮೂಗಿನ ಅಳತೆ ತಗೋತೀನಿ,” ಎಂದ ಶಿರಾಜ್. ಆಮೇಲೆ ಸೇರಿಸಿದ: “ನಮ್ಮಪ್ಪನ ಕಾಲದಲ್ಲಿ ಬಿಳಿಯರಲ್ಲದ ನಮ್ಮನ್ನ ಈ ಗೇಟಿನ ಒಳಗೇ ಬಿಡ್ತಿರಲಿಲ್ಲ ಡಾಕ್ಟ್ರೇ. ಈಗ ನೋಡಿ, ಒಬ್ಬೊಬ್ಬರ ಮೂಗೂ ಅಳೀತಾ ಇದ್ದೀನಿ.”

ಅವನ ತೃಪ್ತಿ ನೋಡಿ ರಾಪುಲನಿಗೆ ಮೈ ಉರಿಯಿತು.

ಬಾಗಿಲು ತೆಗೆದಾಗ ಒಳಗಿನಿಂದ ಹಳೆಯ ಎಣ್ಣೆಯ, ಒಣ ಹುಲ್ಲಿನ ತಂಪು ಬಂತು. ಓಮ್ ಫ್ಲೋರಿಸನ ಹಳದಿ ವಿಮಾನದ ಮೇಲೆ ಒಂದು ಕಲೆಯೂ ಇರಲಿಲ್ಲ. ರಾಪುಲನ ವಿಮಾನಕ್ಕಿಂತ ಎರಡು ಪಟ್ಟು ವಯಸ್ಸು ಅದಕ್ಕೆ. ನಿನ್ನೆ ಕೊಂಡ ಹಾಗಿತ್ತು. ಅವನು ರೆಕ್ಕೆಯ ಆಧಾರಕಂಬಿಗೆ ಕೈಕೊಟ್ಟು ತಳ್ಳಿದ. ತಳ್ಳುತ್ತ ನೆಲವನ್ನು ನೋಡಿದ. ಸಮತಟ್ಟಾದ ಸಿಮೆಂಟು. ತನ್ನ ವಿಮಾನದ ಮೂರು ಚಕ್ರಗಳು ಎಲ್ಲೆಲ್ಲಿ ನಿಲ್ಲುತ್ತವೆಂದು ಅವನಿಗೆ ಒಂದು ವರ್ಷದಿಂದ ಗೊತ್ತಿತ್ತು.

ಒಂದು ವರ್ಷದ ಹಿಂದೆ ಓಮ್ ಫ್ಲೋರಿಸನ ಸೊಂಟದ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟವನು ರಾಪುಲ. ಅವನ ಕೆಲಸವೇ ಅದು. ಜನರನ್ನು ಇಲ್ಲದವರನ್ನಾಗಿ ಮಾಡಿ, ಮತ್ತೆ ವಾಪಸು ತರುವುದು. ಎದ್ದವರಿಗೆ ಕೊಯ್ದವನ ಹೆಸರು ನೆನಪಿರುತ್ತದೆ, ಇವನದು ಇರುವುದಿಲ್ಲ. ಮೊದಲ ಚುಚ್ಚುಮದ್ದು ರಕ್ತಕ್ಕೆ ಸೇರಿ ಮುದುಕನ ಕಣ್ಣು ತೇಲುತ್ತಿತ್ತು. ಥಿಯೇಟರಿನಲ್ಲಿ ಆ ಗಳಿಗೆಯಲ್ಲಿ ಇವರಿಬ್ಬರೇ. ಮುದುಕ ಅವನ ಮುಂಗೈ ಹಿಡಿದು ಹೇಳಿದ: “ಏಳನೇದು ನಿನಗೇ ಕಣೋ ಡಾಕ್ಟ್ರೇ, ನನ್ನ ನಂತರ. ದಿನಾ ನೋಡ್ತೀನಿ, ನಿಂದರ ಮೇಲೆ ಇಬ್ಬನಿ ಬಿದ್ದಿರತ್ತೆ. ಸರಿಯಲ್ಲ ಅದು.”

ಎರಡನೇ ಸಲ. ರಾಪುಲ ನೆಲ ನೋಡಿದ.

ಆ ಮದ್ದು ಸೇರಿದ ಮೇಲೆ ಆಡಿದ್ದು ರೋಗಿಗೆ ನೆನಪುಳಿಯುವುದಿಲ್ಲ. ಇದನ್ನು ರಾಪುಲನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಆದರೂ ಮರುದಿನ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತಿದ್ದ. ನಿನ್ನೆ ಏನಾದರೂ ಹುಚ್ಚುಹುಚ್ಚಾಗಿ ಮಾತಾಡಿದೆನೇ ಎಂದು ಮುದುಕ ಕೇಳಿದ. ಏನೂ ಇಲ್ಲ ಓಮ್ ಫ್ಲೋರಿಸ್ ಎಂದ ರಾಪುಲ. ಬಾಯಿ ತಾನಾಗಿಯೇ ಹೇಳಿತ್ತು. ಒಂದು ವರ್ಷ ಈ ಮಾತನ್ನು ಹಲ್ಲಿನ ಹಿಂದೆ ಇಟ್ಟುಕೊಂಡು ಓಡಾಡಿದ್ದಾನೆ. ಯಾರಿಗೆ ಹೇಳುವುದು? ರೋಗಿ ಮೇಜಿನ ಮೇಲೆ ಆಡಿದ್ದು ಮೇಜಿನ ಮೇಲೇ ಉಳಿಯಬೇಕು. ಗೊರತಾಗೆ ಕೂಡ ಹೇಳಿರಲಿಲ್ಲ.

ಮುದುಕನ ಹೆಂಡತಿ ಟಾನಿ ಹೆಸ್ಟರ್ ಬಕೆಟ್ಟು, ಬಟ್ಟೆ ಹಂಚುತ್ತಿದ್ದಳು. ರಾಪುಲನಿಗೆ ಎಲ್ಲರಿಗಿಂತ ಮೆತ್ತನೆಯ ಬಟ್ಟೆ ಕೊಟ್ಟು, ನಿಮ್ಮ ಕೈ ಬೆಲೆಬಾಳುವ ಕೈ ಎಂದಳು. ಇಬ್ಬರೂ ವಿಮಾನದ ಒಂದೇ ಬದಿಯನ್ನು ತೊಳೆದರು. ಅವಳು ಹೇಳುವಳೇನೋ ಎಂದು ಅವನು ಕಾದ. ಮುದುಕ ಎಚ್ಚರದಲ್ಲೂ ಒಮ್ಮೆ ಆ ಮಾತು ಆಡಿರಬಹುದು. ಮನೆಯಲ್ಲಿ, ಊಟದ ಹೊತ್ತಿನಲ್ಲಿ.

“ಫ್ಲೋರಿಸ್ ನಿಮ್ಮ ವಿಷಯ ಮಾತಾಡ್ತಿದ್ರು,” ಎಂದಳು ಅವಳು.

ಅವನ ಕೈ ನಿಂತಿತು. “ಏನಂತ?”

“ಡಾಕ್ಟ್ರು ಬಯಲಿನ ಮನುಷ್ಯ ಅಂತ. ಹೊರಗೇ ಇಷ್ಟ ಅವರಿಗೆ, ತಾವಾಗೇ ಹಾಗಂದ್ರಂತೆ ಬಾರೆಂಡ್ ಹತ್ರ. ನಮಗೆಲ್ಲ ಸೂರಿಲ್ಲದಿದ್ರೆ ಜೀವ ಹೋಗತ್ತೆ, ಅವರನ್ನ ನೋಡಿ ಕಲೀಬೇಕು ಅಂತಿದ್ರು.”

ಅವನು ತೊಳೆಯುತ್ತ ಹೋದ. ತೊಳೆದದ್ದನ್ನೇ ತೊಳೆದ. ನಾಲ್ಕು ವರ್ಷದ ಹಿಂದಿನ ಒಂದು ಮರ್ಯಾದೆಯ ಮಾತು ಅವನಿಗೆ ತಿಳಿಯದ ಹಾಗೆ ಅವನ ಸ್ವಭಾವವಾಗಿ, ಗುಣವಾಗಿ, ಊರಿನ ನಂಬಿಕೆಯಾಗಿ ಬೆಳೆದು ನಿಂತಿತ್ತು. ಸುಳ್ಳು, ನನಗೂ ಸೂರು ಬೇಕು ಎಂದು ಅಲ್ಲೇ ಹೇಳಬಹುದಿತ್ತು. ಅವಳು ಬಾಗಿ ಚಕ್ರದ ಕೆಸರು ಒರೆಸುತ್ತಿದ್ದಳು. ಗಂಡ ಸತ್ತು ತಿಂಗಳಾದ ಹೆಂಗಸು.

ಬಾರೆಂಡ್ ಎಂಜಿನ್ ಓಡಿಸಿದ. ಎಲ್ಲರೂ ಟೋಪಿ ತೆಗೆದರು. ನಿಲ್ಲಿಸಿದ ಮೇಲೆ ಮೆಕ್ಕೆಜೋಳದ ಹೊಲದಲ್ಲಿ ಹಡೀಡಾ ಹಕ್ಕಿಗಳು ಕರ್ಕಶವಾಗಿ ಕೂಗಿದ್ದು ಕೇಳಿಸಿತು. ಪಶ್ಚಿಮದಲ್ಲಿ ಮೋಡ ಹೂಕೋಸಿನ ಹಾಗೆ ಎದ್ದು ನಿಂತಿತ್ತು. ಈ ಕಾಲದಲ್ಲಿ ದಿನವೂ ಏಳುತ್ತದೆ. ಕೆಲವು ದಿನ ಬರುತ್ತದೆ, ಕೆಲವು ದಿನ ಪಕ್ಕದೂರಿಗೆ ಹೋಗುತ್ತದೆ.

ಬೆಂಕಿಯ ಸುತ್ತ ಕೂತ ಬಿಳಿಯರ ನಡುವೆ ಕರಿಯ ರಾಪುಲನೊಬ್ಬನೇ. ಅದನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಅಲ್ಲಿ ಹಿರಿಯರನ್ನೆಲ್ಲ ಓಮ್, ಟಾನಿ, ಅಂದರೆ ಮಾವ, ಅತ್ತೆ ಎನ್ನುತ್ತಾರೆ. ಐವತ್ತೆರಡರ ರಾಪುಲನೂ ಅನ್ನುತ್ತಾನೆ. ಅವನನ್ನು ಮಾತ್ರ ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಗೌರವ ಹೆಚ್ಚಾಯಿತೆಂದು ದೂರುವುದು ಯಾರಲ್ಲಿ?

ಬಾರೆಂಡ್ ಅವನಿಗೆ ಸುಟ್ಟ ಸಾಸೇಜಿನ ದೊಡ್ಡ ತುಂಡನ್ನು, ಮುದ್ದೆಯನ್ನು, ಟೊಮೆಟೊ ಗೊಜ್ಜನ್ನು ತಟ್ಟೆಗೆ ಹಾಕಿ ತಾನೇ ತಂದು ಕೊಟ್ಟ. ಇನ್ನೊಂದು ಕೈಗೆ ಬಿಯರ್ ತುರುಕಿದ.

ಎದುರಿಗೆ ಡೆವಾಲ್ಡ್ ಕ್ರೀಲ್ ತಿನ್ನುತ್ತಿದ್ದ. ನೀರಾವರಿ ಪೈಪು ಮಾರುವವನು, ಮೈದಾನಕ್ಕೆ ಬಂದು ವರ್ಷವೂ ಆಗಿಲ್ಲ. ಅವನದು ರೆಕ್ಕೆಯಿಲ್ಲದ, ತಲೆಯ ಮೇಲೆ ಫ್ಯಾನಿನಂಥ ಅಲಗು ತಿರುಗುವ ಜೈರೋ. ಅದನ್ನು ಟ್ರೇಲರಿನಲ್ಲಿ ಮನೆಯಿಂದ ಎಳೆದು ತರುತ್ತಾನೆ. ಬಾಯಲ್ಲಿ ಮಾಂಸ ಇಟ್ಟುಕೊಂಡೇ ಅವನು ಕೇಳಿದ: “ಟಾನಿ ಹೆಸ್ಟರ್, ಶೆಡ್ಡು ಖಾಲಿ ಬಿಡ್ಬೇಡಿ. ನನ್ನದನ್ನ ಇಡ್ಲಾ ಒಳಗೆ?”

ಅಷ್ಟೇ. ಉಪ್ಪು ಕೇಳಿದ ಹಾಗೆ. ಅಷ್ಟೇ ಇತ್ತು ಅದು. ನಾಲ್ಕು ವರ್ಷ ಗೂಟಕ್ಕೆ ಕಟ್ಟಿಸಿಕೊಂಡು ನಿಂತಿದ್ದು ಈ ಒಂದು ವಾಕ್ಯ ರಾಪುಲನ ಬಾಯಿಗೆ ಬಾರದ್ದಕ್ಕೆ.

ಟಾನಿ ಹೆಸ್ಟರ್ ಬಾರೆಂಡನ ಮುಖ ನೋಡಿದಳು. ಬಾರೆಂಡ್ ತಕ್ಷಣ ಹೂಂ ಅನ್ನಲಿಲ್ಲ. ಕಡ್ಡಿಯಿಂದ ಕೆಂಡ ಕೆದಕಿ ರಾಪುಲನ ಕಡೆ ತಿರುಗಿದ.

“ತಡಿ ಡೆವಾಲ್ಡ್. ಡಾಕ್ಟ್ರು ನಿನಗಿಂತ ಮುಂಚೆ ಬಂದೋರು. ಏನ್ ಡಾಕ್ಟ್ರೇ? ಬೆಳಿಗ್ಗೆಯಿಂದ ಆ ಮನುಷ್ಯ ನಿಮ್ಮದಕ್ಕೆ ಅಳತೆ ತಗೋತಿದ್ದ, ನೋಡಿದೆ. ಭರ್ಜರಿ ಬಟ್ಟೆ ಹೊಲಿಸ್ತಿದ್ದೀರಿ. ನಿಮಗೆ ಸರಿಹೋಯ್ತು ತಾನೇ?”

ಎಲ್ಲರೂ ನೋಡುತ್ತಿದ್ದರು. ಮೂರನೇ ಸಲ. ಎರಡೂ ಕೈ ಚಾಚಬೇಕಾದ ಸಲ. ಅವನ ಒಂದು ಕೈಯಲ್ಲಿ ತಟ್ಟೆಯಿತ್ತು, ಇನ್ನೊಂದರಲ್ಲಿ ಬಿಯರ್ ಇತ್ತು.

“ಸರಿಹೋಯ್ತು ಓಮ್ ಬಾರೆಂಡ್,” ಎಂದ.

“ಅದೇ ನೋಡು,” ಎಂದ ಬಾರೆಂಡ್. “ಅಂಥಾ ಹೊದಿಕೆ ಇದ್ರೆ ಶೆಡ್ಡು ಯಾರಿಗೆ ಬೇಕು.”

ಯಾರೋ ನಕ್ಕರು. ಕೇಡಿನ ನಗುವಲ್ಲ. ಊಟ ಸೇರಿದಾಗ ಬರುವ ನಗು. ಸಾಸೇಜಿನ ಕೊಬ್ಬು ಕೆಂಡದ ಮೇಲೆ ಬಿದ್ದು ಚುರುಗುಟ್ಟಿತು. ರಾಪುಲನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಾರೆಂಡನ ಮೇಲೆಯೇ? ಅವನು ಕೇಳಿದ್ದ, ಇಡೀ ಬೆಂಕಿಯ ಮುಂದೆ ನ್ಯಾಯವಾಗಿ ಕೇಳಿದ್ದ. ನೆಪಕ್ಕೆಂದು ತಂದ ಶಿರಾಜನ ಮೇಲೆಯೇ? ಅಜ್ಜಿಯ ಮೇಲೆಯೇ?

ಜೈರೋವನ್ನು ಟ್ರೇಲರಿನಿಂದ ಇಳಿಸಿದರು. ಡಾಕ್ಟ್ರೇ, ಬಾಲದ ಕಡೆ ಒಂದು ಕೈ ಕೊಡಿ ಎಂದರು. ಅವನು ತಟ್ಟೆಯನ್ನೂ ಬಿಯರನ್ನೂ ಕೆಳಗಿಟ್ಟ. ಈಗ ಎರಡೂ ಕೈ ಖಾಲಿಯಾಗಿದ್ದವು. ಎರಡೂ ಕೈಗಳಿಂದ ತಳ್ಳಿದ. ತಳ್ಳುತ್ತ, ಯಾರಿಗೂ ಕಾಣದ ಹಾಗೆ, ಅದರ ಬಾಲದ ತಗಡನ್ನು ಮುರಿದು ಹಾಕುವಷ್ಟು ಬಲವಾಗಿ ಹಿಡಿದಿದ್ದ. ಮುರಿಯಲಿಲ್ಲ. ಒಳ್ಳೆಯ ತಗಡು.

ಪುಟ್ಟ ಯಂತ್ರ ಒಂದು ಮೂಲೆಗೆ ಸೇರಿತು. ಪಕ್ಕದಲ್ಲಿ ರಾಪುಲನ ವಿಮಾನದ ಮುಕ್ಕಾಲು ಭಾಗ ನಿಲ್ಲುವಷ್ಟು ಜಾಗ ಉಳಿಯಿತು. ಅಲ್ಲಿ ಒಂದು ಹಳೇ ಫ್ರಿಜ್ಜು ತಂದಿಡ್ತೀನಿ, ಎಲ್ಲರಿಗೂ ಬಿಯರ್ ತಣ್ಣಗಿರತ್ತೆ ಎಂದ ಡೆವಾಲ್ಡ್. ಒಳ್ಳೆ ಯೋಚನೆ ಎಂದರು ಎಲ್ಲರೂ.

ಬೆಂಕಿಗೆ ವಾಪಸು ಬಂದಾಗ ರಾಪುಲ ಕೂರಲಿಲ್ಲ.

“ಓಮ್ ಫ್ಲೋರಿಸ್ ನನಗೊಂದು ಮಾತು ಹೇಳಿದ್ರು,” ಎಂದ. ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

“ಯಾವಾಗ?” ಎಂದ ಬಾರೆಂಡ್.

“ಆಪರೇಷನ್ ದಿನ. ನಿದ್ದೆ ಬರೋ ಮುಂಚೆ.”

ಟಾನಿ ಹೆಸ್ಟರ್ ತಟ್ಟೆಯನ್ನು ತೊಡೆಯ ಮೇಲಿನಿಂದ ತೆಗೆದು ನೆಲದ ಮೇಲಿಟ್ಟಳು. “ಏನಂದ್ರು?”

ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಒಂದು ವರ್ಷ ಮಸೆದು ಇಟ್ಟ ವಾಕ್ಯ. ಅವನು ಅದನ್ನು ಅವರ ಕಿವಿಯಿಂದ ಒಮ್ಮೆ ಕೇಳಿಸಿಕೊಂಡ: ಮತ್ತಿನಲ್ಲಿದ್ದ ಮುದುಕನ ಬಾಯಿಂದ ಶೆಡ್ಡು ಬರೆಸಿಕೊಂಡ ಡಾಕ್ಟರ್. ಸೂಜಿ ಅವನ ಕೈಯಲ್ಲೇ ಇತ್ತಲ್ಲ. ಸಾಕ್ಷಿ ಯಾರು? ಅವನೇ.

“ಚಳಿ ಆಗ್ತಿದೆ ಅಂದ್ರು,” ಎಂದ. “ಹೊದಿಸು ಅಂದ್ರು.”



“ಹೊದಿಸಿದ್ರಾ?” ಎಂದಳು ಟಾನಿ ಹೆಸ್ಟರ್.

“ಹೊದಿಸಿದೆ.”

ಅವಳು ಎದ್ದು ಬಂದು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಜೂನ್ ತಿಂಗಳ ಚಳಿಗಾಲದಲ್ಲಿ ಕಾಲುಚೀಲ ಹಾಕಿಯೇ ಮಲಗುತ್ತಿದ್ದರು, ಯಾವಾಗಲೂ ಚಳಿ ಅವರಿಗೆ ಎಂದಳು. ಅತ್ತಳು. ಬಾರೆಂಡ್ ಬೇರೆ ಕಡೆ ನೋಡುತ್ತ ಮೂಗು ಒರೆಸಿಕೊಂಡ. ಡೆವಾಲ್ಡ್ ತನ್ನ ಕುರ್ಚಿಯನ್ನು ರಾಪುಲನಿಗೆ ಬಿಟ್ಟುಕೊಟ್ಟ. ನಾಲ್ಕು ವರ್ಷದಲ್ಲಿ ಅವನು ಅವರಿಗೆ ಇಷ್ಟು ಹತ್ತಿರದವನಾದದ್ದು ಇದೇ ಮೊದಲು. ಅದೂ ಒಂದು ಸುಳ್ಳಿಗೆ. ಇದ್ದ ಒಂದೇ ನಿಜವನ್ನು ಅವನು ತನ್ನ ಕೈಯಾರೆ ಕಂಬಳಿ ಮಾಡಿ ಅವರಿಗೆ ಹೊದಿಸಿ ಬಂದಿದ್ದ. ಇನ್ನು ಮೇಲೆ ಆ ಮಾತು ಹೊರಗೆ ಬರುವ ಹಾಗಿಲ್ಲ.

ಕುರ್ಚಿ ಬೇಡ ಎಂದು ಅವನು ಹೊರಟ. ಡೆವಾಲ್ಡ್ ಎರಡನೇ ಸಲ ಕರೆಯಲಿಲ್ಲ.

ಶಿರಾಜ್ ವಿಮಾನದ ನೆರಳಿನಲ್ಲಿ ಕೂತು ಮನೆಯಿಂದ ತಂದ ಸಮೋಸಾ ತಿನ್ನುತ್ತಿದ್ದ. ಮೋಡ ಈಗ ಅರ್ಧ ಆಕಾಶಕ್ಕೆ ಬಂದಿತ್ತು. ತಳ ಕಪ್ಪಾಗಿ, ಅಂಚು ಹಸಿರಾಗಿ. ಹಸಿರೆಂದರೆ ಒಳಗೆ ಆಲಿಕಲ್ಲಿದೆ.

“ಯಾವುದು ಡಾಕ್ಟ್ರೇ? ದಪ್ಪಂದೇ ತಗೊಳ್ಳಿ. ಮೇಲೆ ನೋಡಿ.”

“ತೆಳುವಾದ್ದು.”

“ಆಲಿಕಲ್ಲಿಗೆ…”

“ತೆಳುವಾದ್ದು ಅಂದೆನಲ್ಲ.” ಈ ಮನುಷ್ಯನ ಮೇಲೆ ಮಾತ್ರ ದನಿ ಏರುತ್ತದೆ ಎಂಬುದು ಅವನ ಗಮನಕ್ಕೆ ಬಂತು. ಅದಕ್ಕೂ ಸಿಟ್ಟು ಬಂತು.

ಶಿರಾಜ್ ಕೈ ಒರೆಸಿಕೊಂಡ. “ನಿಮ್ಮಿಷ್ಟ. ಗಾಡಿಯಲ್ಲಿ ಇದೇ ಬಟ್ಟೆಯ ಒಂದು ಮಾದರಿ ಇದೆ. ಹೆಚ್ಚು ಕಡಿಮೆ ಇದೇ ಅಳತೆ. ಒಂದು ಸಲ ಹಾಕಿ ನೋಡಿಬಿಡೋಣ. ಗುಮ್ಮಟದ ಹತ್ರ ಎಲ್ಲಿ ಜೋಲುತ್ತೆ ಅಂತ ಒಳಗಿಂದ ಬೆಳಕು ನೋಡಿದ್ರೆ ಗೊತ್ತಾಗತ್ತೆ. ಅಥವಾ ನಾನು ಒಳಗೆ ಹೋಗ್ಲಾ?”

“ನಾನೇ ಕೂರ್ತೀನಿ.”

ಅವನು ರೆಕ್ಕೆ ಹತ್ತಿ ಒಳಗಿಳಿದು ಗುಮ್ಮಟ ಮುಚ್ಚಿಕೊಂಡ. ಮೊದಲು ಅದನ್ನು ಹೊರಗಿನಿಂದ ಒರೆಸಬೇಕಿತ್ತು, ಒರೆಸಲಿಲ್ಲ. ಬಟ್ಟೆ ಮೂಗಿನ ಕಡೆಯಿಂದ ಸರಿದು ಬಂತು. ಮೊದಲು ಹೊಲ ಹೋಯಿತು. ಆಮೇಲೆ ಶೆಡ್ಡುಗಳ ಸಾಲು ಒಂದೊಂದಾಗಿ ಹೋಯಿತು. ಏಳನೆಯದು ಹೋಯಿತು. ಬೆಂಕಿಯ ಹೊಗೆ ಹೋಯಿತು. ಕೊನೆಗೆ ತಲೆಯ ಹಿಂದಿನ ಆಕಾಶವೂ ಹೋಗಿ, ಬೂದು ಬಣ್ಣದ ಒಂದು ಬೆಳಕು ಮಾತ್ರ ಉಳಿಯಿತು, ಕಣ್ಣು ಮುಚ್ಚಿದವನ ರೆಪ್ಪೆಯ ಒಳಗಿನ ಬೆಳಕಿನ ಹಾಗೆ.

ವಿಮಾನದ ಹೊಟ್ಟೆಯ ಕೆಳಗಿಂದ ಪಟ್ಟಿ ಎಳೆದು ಬಿಗಿಯುವುದು ಕೇಳಿಸಿತು. ಇನ್ನೊಂದು ಪಟ್ಟಿ ಗಾಡಿಯಲ್ಲೇ ಉಳಿದಿದೆ, ತರ್ತೀನಿ, ಕೂತಿರಿ ಎಂದಿತು ಶಿರಾಜನ ದನಿ. ಹೆಜ್ಜೆಗಳು ದೂರ ಹೋದವು.

ಸೆಖೆ. ತನ್ನದೇ ಬೆವರಿನ, ಹೊಗೆಯ, ಮಾಂಸದ ವಾಸನೆ. ಎದುರಿಗೆ ಎಲ್ಲ ಮುಳ್ಳುಗಳೂ ಸೊನ್ನೆಯ ಮೇಲೆ ನಿಂತಿದ್ದವು. ಮೇಜಿನ ಮೇಲೆ ಮಲಗಿದವರಿಗೆ ಅವನು ಹೇಳುವ ಮಾತು ನೆನಪಾಯಿತು: ಏನೂ ಆಗಲ್ಲ, ನಾನು ಇಲ್ಲೇ ಇರ್ತೀನಿ.

ಗಾಳಿ ಎದ್ದಿತು. ಬಟ್ಟೆ ಗುಮ್ಮಟದಿಂದ ಒಂದು ಬೆರಳಿನಷ್ಟು ಮೇಲೇರಿ ಮತ್ತೆ ಅಂಟಿಕೊಂಡಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಪ್ರತಿ ಸಲವೂ ಮರಳಿನ ಸಣ್ಣ ಕಿರಿಕಿರಿ ಸದ್ದು, ಹಲ್ಲು ಕಡಿಯುವ ಹಾಗೆ.

ಆಗ ಹತ್ತಿರದಲ್ಲೇ ಯಾರೋ ಬಂದು ನಿಂತರು. ಭಾರವಾದ ಬೂಟು. ಬಾರೆಂಡನ ಉಸಿರು.

“ಡಾಕ್ಟ್ರೇ?” ಎಂದು ದನಿ ಕೇಳಿತು. “ಇದೀರಾ?”

ರಾಪುಲನ ಬಾಯಿ ತೆರೆಯಿತು. ಏನು ಕೇಳಲು ಬಂದಿದ್ದಾನೆ? ಶೆಡ್ಡಿನ ಮಾತೇ? ತಿನ್ನದೆ ಬಿಟ್ಟ ತಟ್ಟೆಯೇ? ಕಲ್ಲು ಬೀಳುತ್ತದೆ, ನನ್ನ ಯಂತ್ರದ ಹಿಂದೆ ಜಾಗ ಇದೆ, ನೂಕು ಎಂದು ಹೇಳಲೋ? ಒಂದು ಹೂಂ ಸಾಕಿತ್ತು. ಅವನು ಉಸಿರು ಬಿಗಿಹಿಡಿದು, ಎರಡನೇ ಸಲ ಕರೆಯಲಿ ಎಂದು ಕಾದ.

ಹೊರಗೆ ಸದ್ದಿಲ್ಲ. ಬೂಟು ಹೋಯಿತೋ, ನಿಂತಿದೆಯೋ ಗಾಳಿಯಲ್ಲಿ ತಿಳಿಯಲಿಲ್ಲ.

ತಲೆಯ ಮೇಲೆ ಟಪ್ ಎಂದಿತು. ಒಂದೇ ಸಲ. ಕಲ್ಲು ಬಿದ್ದದ್ದೋ, ಯಾರೋ ಬೆರಳಿನಿಂದ ತಟ್ಟಿದ್ದೋ. ಅವನು ಅಲುಗಲಿಲ್ಲ. ಮೇಲೆ ಬಟ್ಟೆ ಮಾತ್ರ ನಿಧಾನವಾಗಿ, ಆಳವಾಗಿ, ಚೆನ್ನಾಗಿ ನಿದ್ದೆ ಹತ್ತಿದವರ ಹಾಗೆ ಉಸಿರಾಡುತ್ತಿತ್ತು.